ಬೋರ್‌ಘಾಟ್ ಕಾಯುವ ಶಿಂಗ್ರೋಬಾ
ದಾರಿ ತೋರಿಸಿದವನಿಗೆ ಗುಂಡೇಟಿನ ಬಹುಮಾನ

ಮುಂಬಯಿ-ಪುಣೆ ಹಳೆ ಹೆದ್ದಾರಿಯಲ್ಲಿ ಖೋಪೋಲಿ ದಾಟಿ ಬೋರ್‌ಘಾಟ್ ಏರುವಾಗ ರಸ್ತೆ ಬದಿಯಲ್ಲಿ ಒಂದು ಗುಡಿ ಸಿಗುತ್ತದೆ. ವಾಹನ ಚಾಲಕರು ಇಲ್ಲಿ ನಾಣ್ಯ ಎಸೆದು ಕೈಮುಗಿದೇ ಮುಂದೆ ಸಾಗುವುದು ರೂಢಿ. ಇದು ಶಿಂಗ್ರೋಬಾನ ಗುಡಿ. ಘಾಟಿಯಲ್ಲಿ ಅಪಾಯವಾಗದಂತೆ ಆತ ಕಾಯುತ್ತಾನೆ ಎಂಬುದು ಅವರ ನಂಬಿಕೆ.

ಶಿಂಗ್ರೋಬಾ ಒಬ್ಬ ಧನಗರ, ಅಂದರೆ ಕುರಿಗಾಹಿ. ಸಹ್ಯಾದ್ರಿಯನ್ನು ಏರಲು ದಾರಿ ಕಾಣದೆ ಬ್ರಿಟಿಷ್ ಎಂಜಿನಿಯರುಗಳು ತಬ್ಬಿಬ್ಬಾದಾಗ ಈತನೇ ಕುರಿಗಳನ್ನು ಮುಂದೆ ಬಿಟ್ಟು ದಾರಿ ತೋರಿಸಿದನಂತೆ. ಏನು ಬಹುಮಾನ ಬೇಕೆಂದು ಕೇಳಿದಾಗ, "ನಮ್ಮ ದೇಶ ನಮಗೆ ಬಿಟ್ಟುಕೊಡಿ" ಎಂದನಂತೆ. ಸಿಟ್ಟಿಗೆದ್ದ ಅಧಿಕಾರಿಗಳು ಅಲ್ಲೇ ಗುಂಡಿಕ್ಕಿ ಕೊಂದರು, ಅಂದಿನಿಂದ ಆತ ಘಾಟಿಯ ದೈವವಾದ ಎಂಬುದು ಪ್ರತೀತಿ.

ಇದು ದಂತಕಥೆ. ಆದರೆ ಅದರ ಹಿಂದಿನ ಮಾತು ಸುಳ್ಳಲ್ಲ. ಮಳೆಗಾಲ ಮುಗಿದ ಮೇಲೆ ಮಂದೆಯೊಂದಿಗೆ ಕೊಂಕಣಕ್ಕೆ ಇಳಿದು ಮತ್ತೆ ಘಟ್ಟ ಏರುವ ಧನಗರರಿಗೆ ಕಾಡಿನ ಕಾಲುದಾರಿ ಚೆನ್ನಾಗಿ ಗೊತ್ತಿತ್ತು. ಇಲ್ಲಿ ಗಾಡಿ ರಸ್ತೆ ತೆರೆದದ್ದು 1830ರಲ್ಲಿ, ಗವರ್ನರ್ ಜಾನ್ ಮಾಲ್ಕಂ ಕಾಲದಲ್ಲಿ. 1863ರಲ್ಲಿ ರೈಲು ಘಾಟಿ ಏರಿತು. ಆ ಹಳಿ ಹಾಕುವಾಗ ಕಾಲರಾ ಮುಂತಾದ ರೋಗಗಳಿಗೆ, ಅಪಘಾತಗಳಿಗೆ ಸಾವಿರಾರು ಕೂಲಿಗಳು ಬಲಿಯಾದರು. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ ಕೂಡ 1859ರಲ್ಲಿ ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡ. ಅವನ ಪತ್ನಿ ಆಲಿಸ್ ಕೆಲಸ ಮುಂದುವರಿಸಿದಳು. ಅವರ ಹೆಸರು ಚರಿತ್ರೆಯಲ್ಲಿದೆ. ಕೂಲಿಗಳ ಪಾಲಿಗೆ ಇರುವುದು ಶಿಂಗ್ರೋಬಾನ ಗುಡಿಯೊಂದೇ ಎಂದರೂ ತಪ್ಪಾಗದು.

ನಮ್ಮವರಿಗೆ ಈ ಕಥೆ ಹೊಸದಲ್ಲ. ಕಾರ್ಕಳದಲ್ಲಿ 1432ರಲ್ಲಿ ನಿಂತ ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಕೈಕಾಲನ್ನು ಅರಸ ಕಡಿಸಿದನೆಂದು ತುಳುನಾಡಿನ ಪಾಡ್ದನ ಹೇಳುತ್ತದೆ. ಮುಂದೆ ಕಲ್ಕುಡ, ಅವನ ತಂಗಿ ಕಲ್ಲುರ್ಟಿ ಇಬ್ಬರೂ ದೈವಗಳಾದರು. ದುಡಿದವನಿಗೆ ಆದ ಅನ್ಯಾಯವನ್ನು ಜನ ಮರೆಯುವುದಿಲ್ಲ. ಅವನನ್ನು ದೈವ ಮಾಡಿ ಕೈಮುಗಿಯುತ್ತಾರೆ. ಧನಗರರ ಬಿರೋಬಾ ಉತ್ತರ ಕರ್ನಾಟಕದ ಕುರುಬರ ಬೀರಪ್ಪನೇ ಎಂಬುದನ್ನೂ ಇಲ್ಲಿ ನೆನೆಯಬೇಕು.

2002ರಲ್ಲಿ ಎಕ್ಸ್‌ಪ್ರೆಸ್ ವೇ ಪೂರ್ಣಗೊಂಡ ಬಳಿಕ ಊರಿಗೆ ಹೋಗುವ ನಮ್ಮ ಬಹುತೇಕ ಬಸ್ಸು, ಕಾರುಗಳು ಈ ಗುಡಿಯನ್ನು ಕಾಣುವುದೇ ಇಲ್ಲ. ಒಮ್ಮೆ ಮಕ್ಕಳೊಂದಿಗೆ ಹಳೆ ರಸ್ತೆಯಲ್ಲಿ ಹೋಗಿ ಬರಬಹುದು. ಶಿಂಗ್ರೋಬಾನ ಮೇಲೆ ನಂಬಿಕೆ ಇರಲಿ, ಬಿಡಲಿ, ಅಲ್ಲಿ ವೇಗ ತಗ್ಗಿಸುವುದಂತೂ ಒಳ್ಳೆಯದೇ.