ಪೆಡಸಾದ ಒಡಲಿನಲ್ಲಿ ಎಳೆಯ ಕಾರ್ಯ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಗಳ ಹಂಚಿನ ಮಾಡುಗಳನ್ನು ಬಲ್ಲವರಿಗೆ ಈ ವಿಷಯವು ವಿದಿತವೇ ಆಗಿರುವುದು. ಎಚ್ಚರದಿಂದ ಕಾಲೂರಿ ನಡೆಯುವವನ ಭಾರವನ್ನು ತಾಳುವ ಹಂಚು, ತೆಂಗಿನಕಾಯೊಂದು ಬಿದ್ದೊಡನೆ ಇಬ್ಭಾಗವಾಗುತ್ತದೆ. 15 ಮೀಟರು ಎತ್ತರದಿಂದ ಬೀಳುವ ಕಾಯಿಯ ವೇಗವು ಹಂಚನ್ನು ಮುಟ್ಟುವಾಗ ಸೆಕೆಂಡಿಗೆ ಸುಮಾರು 17 ಮೀಟರು. ಪೆಟ್ಟು ಮೇಲಿನಿಂದ ಬಿದ್ದರೂ ಬಿರುಕು ಸಾಮಾನ್ಯವಾಗಿ ಹುಟ್ಟುವುದು ಅಡಿಮೈಯಲ್ಲಿ. ಏಕೆಂದರೆ, ಹಂಚು ಬಾಗುವಾಗ ಅದರ ಮೇಲ್ಮೈ ಒತ್ತಲ್ಪಡುತ್ತದೆ, ಅಡಿಮೈ ಎಳೆಯಲ್ಪಡುತ್ತದೆ. ಸುಟ್ಟ ಮಣ್ಣಾದರೋ ಒತ್ತನ್ನು ಸಹಿಸುವಷ್ಟು ಎಳೆತವನ್ನು ಸಹಿಸದು. ಇಂತಹ ವಸ್ತುವನ್ನು ದುರ್ಬಲವೆಂದು ಪಾಠ ಹೇಳುವುದು ಸಾಧುವಲ್ಲ. ಸಂಸ್ಕೃತದಲ್ಲಿ ಭಿದುರವೆಂಬ ಶಬ್ದವುಂಟು. ನಮ್ಮ ದೇಶ್ಯವಾದ ಪೆಡಸು ಅದಕ್ಕಿಂತಲೂ ಚೆನ್ನ.

ಹಸಿಮಣ್ಣಿನ ಗೋಡೆಗೆ ಬೈಹುಲ್ಲಿನ ಚೂರನ್ನು ಕಲಸಿ ತುಳಿಯುವುದು ಬಿರುಕನ್ನು ತಡೆಯುವುದಕ್ಕಾಗಿ. ಹಂಚಿಗೆ ಈ ಉಪಾಯವು ಸಲ್ಲದು. ಆವಿಗೆಯಲ್ಲಿ ಹುಲ್ಲು ಉರಿದುಹೋಗಿ ತೂತುಗಳು ಮಾತ್ರ ಉಳಿಯುವುವು. ಬೆಂಕಿಗೆ ಅಳಿಯದ ಎಳೆ ದೊರೆತ ಬಳಿಕವೇ ಸುಟ್ಟ ದ್ರವ್ಯಕ್ಕೂ ಈ ಭಾಗ್ಯವು ಬಂದಿತು. ಸಿಲಿಕಾನ್ ಕಾರ್ಬೈಡಿನ ಎಳೆಗಳು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟೇ ದಪ್ಪ. ಅವುಗಳನ್ನು ಅದೇ ದ್ರವ್ಯದ ಒಡಲಿನಲ್ಲಿ ಹುದುಗಿಸಿ ಮಾಡಿದ ಭಾಗಗಳು 2016ರಿಂದ ಲೀಪ್ ಎಂಬ ವಿಮಾನಯಂತ್ರದಲ್ಲಿ ಬಳಕೆಗೆ ಬಂದಿವೆ.

ಇಲ್ಲಿ ವಿಚಾರಣೀಯವಾದುದು ಎಳೆಗೂ ಒಡಲಿಗೂ ಇರಬೇಕಾದ ಸಂಬಂಧ. ಬೆಸುಗೆಯು ಗಾಢವಾದಷ್ಟೂ ಲೇಸೆಂದು ಯಾರಿಗಾದರೂ ತೋರುವುದು. ವಾಸ್ತವವು ಅದಕ್ಕೆ ವಿರುದ್ಧ. ಬೆಸುಗೆ ಬಿಗಿಯಾದರೆ ಒಡಲಿನ ಬಿರುಕು ಎಳೆಯನ್ನೂ ಕತ್ತರಿಸಿಕೊಂಡು ನೇರವಾಗಿ ಸಾಗುವುದು. ತೀರ ಸಡಿಲವಾದರೆ ಭಾರವು ಎಳೆಗೆ ದಾಟುವುದೇ ಇಲ್ಲ. ಆದುದರಿಂದ ಎಳೆಗಳಿಗೆ ಬೋರಾನ್ ನೈಟ್ರೈಡಿನ ಅಥವಾ ಇಂಗಾಲದ ತೆಳುಲೇಪವನ್ನು ಕೊಡುವರು. ಬಿರುಕು ಆ ಲೇಪವನ್ನು ತಲುಪಿ ಎಳೆಯ ಉದ್ದಕ್ಕೆ ತಿರುಗುತ್ತದೆ. ಎಳೆಯು ಬಿರುಕಿಗೆ ಸೇತುವಾಗಿ ನಿಂತು, ಒಡಲಿನೊಳಗೆ ಜಾರುತ್ತ, ಉಜ್ಜುತ್ತ, ಪೆಟ್ಟಿನ ಶಕ್ತಿಯನ್ನು ವ್ಯಯಮಾಡುತ್ತದೆ.

ಎಳೆತವು ಅತಿವೇಗವಾದರೆ ಏನಾಗುವುದು? ಇದನ್ನರಿಯಲು ಎರಡು ನೀಳವಾದ ಸರಳುಗಳ ನಡುವೆ ತುಂಡನ್ನಿಟ್ಟು, ಒಂದು ಸರಳಿನಲ್ಲಿ ಅಲೆಯನ್ನೆಬ್ಬಿಸಿ, ಹಾಯ್ದ ಅಲೆಯಿಂದಲೂ ಮರಳಿದ ಅಲೆಯಿಂದಲೂ ಲೆಕ್ಕ ಹಾಕುವರು. 1914ರಲ್ಲಿ ಹಾಪ್ಕಿನ್ಸನ್ ಉಪಯೋಗಿಸಿದ ಸರಳಿನ ಉಪಾಯವನ್ನು ಕೋಲ್ಸ್ಕಿಯು 1949ರಲ್ಲಿ ಹೀಗೆ ಇಮ್ಮಡಿಸಿದನು. ಎಳೆತದ ಪರೀಕ್ಷೆಗೆ ಅದು ಅನಂತರ ಒದಗಿತು. ಮೆಲ್ಲನೆ ಎಳೆದಾಗ ಇಂತಹ ಹಲವು ದ್ರವ್ಯಗಳಲ್ಲಿ ಗಾಳಿಯ ತೇವವು ಬಿರುಕಿನ ತುದಿಯನ್ನು ಸೇರಿ ಅದನ್ನು ಬೆಳೆಸಲು ಅವಕಾಶವುಂಟು, ವೇಗದಲ್ಲಿ ಅದಿಲ್ಲ. ಒಂದು ಬಿರುಕು ಬಾಯ್ದೆರೆದು ನೆರೆಯ ಎಳೆತವನ್ನು ಇಳಿಸುವುದರೊಳಗೆ ಬೇರೆಡೆಗಳಲ್ಲಿ ಮತ್ತೆ ಹಲವು ಹುಟ್ಟುವುವು. ಇದರಿಂದ ಮುರಿಯಲು ಬೇಕಾಗುವ ಬಲವು ಅನೇಕ ಪರೀಕ್ಷೆಗಳಲ್ಲಿ ಹೆಚ್ಚಾಗಿಯೇ ಕಂಡಿದೆ. ಹಾಗೆಂದು ತಾಳಿಕೆಯೂ ಹೆಚ್ಚಿತೆನ್ನಲಾಗದು. ಬಲವೆಂಬುದು ಮುರಿಯುವ ಕ್ಷಣದ ಎಳೆತ; ತಾಳಿಕೆಯೆಂಬುದು ಮುರಿಯುವವರೆಗೆ ನುಂಗಿದ ಶಕ್ತಿ. ಈ ಎರಡಕ್ಕೂ ಒಂದೇ ಶಬ್ದವನ್ನು ಹಾಕುವ ಅನುವಾದಗಳು ಅರ್ಥವನ್ನೇ ಕೆಡಿಸುವುವು. ತಾಳಿಕೆಯ ನಿರ್ಣಯಕ್ಕೆ ಮುರಿದ ಮೈಯನ್ನೇ ನೋಡಬೇಕು: ಕೊಯ್ದ ಗದ್ದೆಯ ಕೂಳೆಯಂತೆ ಎಳೆಗಳು ಹೊರಚಾಚಿದ್ದರೆ ಅವು ಜಾರಿ ದುಡಿದಿವೆ, ಮೈ ಸಪಾಟಾಗಿದ್ದರೆ, ಎಳೆಯಿದ್ದೂ ಅದು ಹಂಚಿನಂತೆಯೇ ಒಡೆದಿದೆ.