ಬೆಳಗಿನ ಮಾತ್ರೆಯ ಜಾಡು ಹಿಡಿದು

ವ್ಯಸನಮುಕ್ತಿ ವಾರ್ಡಿನಲ್ಲಿ ಬೆಳಗಾಗುವುದು ಫಿನಾಯಿಲ್ ವಾಸನೆಯಿಂದ. ಒರೆಸಿದ ನೆಲ ಇನ್ನೂ ಆರಿರುವುದಿಲ್ಲ. ಉಪ್ಪಿಟ್ಟಿನ ತಟ್ಟೆಗಳ ಸದ್ದು ಕಾರಿಡಾರಿನ ಆ ತುದಿಯಿಂದ ಹತ್ತಿರವಾಗುತ್ತಾ ಬರುತ್ತದೆ. ಅದರ ಹಿಂದೆಯೇ ಔಷಧಿ ಟ್ರಾಲಿ. ಸಿಸ್ಟರ್ ಸ್ಟ್ರಿಪ್ಪಿನಿಂದ ಮಾತ್ರೆಯೊಂದನ್ನು ಪಟ್ಟೆಂದು ಒತ್ತಿ ತೆಗೆದು ಅಂಗೈಗೆ ಹಾಕಿ, “ನುಂಗಿಬಿಡಿ ಅಣ್ಣಾ, ನಾನು ಇಲ್ಲೇ ನಿಂತಿರ್ತೀನಿ” ಎನ್ನುತ್ತಾರೆ. ನುಂಗಿದವರು ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿ, ಕಹಿಗೆ ಮುಖ ಕಿವಿಚುತ್ತಾರೆ. ಅದು ನಾಲ್ಟ್ರೆಕ್ಸೋನ್, 50 ಮಿಲಿಗ್ರಾಂ. ಹೆರಾಯಿನ್, ಮಾರ್ಫಿನ್‌ಗಳಂಥ ಓಪಿಯಾಯ್ಡ್‌ಗಳ ನಶೆ ತಡೆಯಲೆಂದು ಅಮೆರಿಕ 1984ರಲ್ಲಿ ಒಪ್ಪಿದ ಈ ಔಷಧಿ, 1994ರಿಂದ ಕುಡಿತ ಬಿಡುವವರಿಗೂ ಆಸರೆ.

ಇನ್ನು ಆ ಮಾತ್ರೆಯ ಹಿಂದೆಯೇ ಇಳಿಯೋಣ ಬನ್ನಿ. ಕರುಳಿನ ಬೆಚ್ಚನೆಯ ಕತ್ತಲಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಕರಗಿ ರಕ್ತ ಸೇರುತ್ತದೆ. ಆದರೆ ಕರುಳಿನಿಂದ ಹೊರಟ ರಕ್ತ ನೇರ ಮಿದುಳಿಗೆ ಹೋಗುವುದಿಲ್ಲ. ಮೊದಲು ಹೋಗುವುದು ಬಲಪಕ್ಕೆಯ ಕೆಳಗೆ ಕೆಂಗಂದು ಬಣ್ಣದಲ್ಲಿ ಮಲಗಿರುವ ಯಕೃತ್ತಿಗೆ. ಅಲ್ಲಿ ಸದ್ದಿಲ್ಲದೆ ನಡೆಯುವ ಕೆಲಸವೆಷ್ಟು! ನುಂಗಿದ್ದರಲ್ಲಿ ಮೂಲರೂಪದಲ್ಲೇ ದಾಟಿ ಮುಂದೆ ಹೋಗುವುದು ಶೇ 5ರಿಂದ 40 ಮಾತ್ರ. ಒಬ್ಬೊಬ್ಬರ ಯಕೃತ್ತಿನದು ಒಂದೊಂದು ಲೆಕ್ಕ.

ಹಾಗೆಂದು ಉಳಿದದ್ದೆಲ್ಲ ವ್ಯರ್ಥವಾಯಿತೆಂದಲ್ಲ, ನನಗೆ ಬೆರಗು ಹುಟ್ಟಿಸುವುದು ಇದೇ. ಬಹಳಷ್ಟು ಔಷಧಿಗಳನ್ನು ಒಡೆಯುವ ಸೈಟೋಕ್ರೋಮ್ ಕಿಣ್ವಗಳು ಇದರ ತಂಟೆಗೆ ಹೋಗುವುದಿಲ್ಲ. ಬೇರೆಯದೇ ಒಂದು ಕಿಣ್ವ ಇದಕ್ಕೆ ಎರಡು ಹೈಡ್ರೋಜನ್ ಸೇರಿಸಿ 6-ಬೀಟಾ-ನಾಲ್ಟ್ರೆಕ್ಸಾಲ್ ಎಂಬ ಹೊಸ ವಸ್ತು ಮಾಡುತ್ತದೆ. ಬಲ ಕಡಿಮೆ, ಆದರೆ ತಾಳ್ಮೆ ಹೆಚ್ಚು. ಇದೂ ನಶೆಯನ್ನು ತಡೆಯಬಲ್ಲದು. ಸುಮಾರು ಒಂದು ಗಂಟೆಯೊಳಗೆ ಎರಡೂ ರಕ್ತದಲ್ಲಿ ತುಂಬಿಕೊಂಡು ಮಿದುಳು ತಲುಪಿ, ತಿರುಗದ ಕೀಲಿ ಬೀಗದೊಳಗೆ ಸಿಕ್ಕಿಕೊಂಡಂತೆ, ಓಪಿಯಾಯ್ಡ್ ಗ್ರಾಹಕಗಳಲ್ಲಿ ಕೂತುಬಿಡುತ್ತವೆ. ಆಮೇಲೆ ಬಂದ ಹೆರಾಯಿನ್‌ಗೆ ಅಲ್ಲಿ ಜಾಗವಿಲ್ಲ.

ವಾರ್ಡಿನಲ್ಲಿ ಮಧ್ಯಾಹ್ನದ ಊಟ ಮುಗಿದು ಕೇರಂ ಬೋರ್ಡು ಹೊರಬರುವ ಹೊತ್ತಿಗೆ, ರಕ್ತದಲ್ಲಿದ್ದ ನಾಲ್ಟ್ರೆಕ್ಸೋನ್ ಅರ್ಧಕ್ಕಿಳಿದಿರುತ್ತದೆ. ಅದರ ಅರ್ಧಾಯುಷ್ಯ ನಾಲ್ಕು ಗಂಟೆ. ನಾಲ್ಟ್ರೆಕ್ಸಾಲ್‌ನದು ಹದಿಮೂರು. ಹೀಗಾಗಿ ರಾತ್ರಿ ದೀಪ ಆರಿಸಿದ ಮೇಲೂ ಕಾವಲಿರುತ್ತದೆ. ಅಷ್ಟರಲ್ಲಿ ಯಕೃತ್ತು ಎರಡಕ್ಕೂ ಗ್ಲುಕುರೋನಿಕ್ ಆಮ್ಲವನ್ನು ಅಂಟಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತಾ, ಮೂತ್ರಪಿಂಡಗಳು ಸೋಸಿ ಹೊರಹಾಕುತ್ತಾ ಇರುತ್ತವೆ. ಮೂತ್ರದಲ್ಲಿ ಮೂಲರೂಪದಲ್ಲೇ ಸಿಗುವುದು ನುಂಗಿದ್ದರ ಶೇ 2ಕ್ಕಿಂತ ಕಡಿಮೆ. ಮಿಕ್ಕಿದ್ದು ರೂಪ ಬದಲಿಸಿಕೊಂಡೇ ಹೋಗುತ್ತದೆ, ಸ್ವಲ್ಪ ಭಾಗ ಮಲದಲ್ಲಿ. ಒಂದು ಮಾತ್ರೆಯ ತಡೆ ಸುಮಾರು 24 ಗಂಟೆ. ಅದಕ್ಕೇ ಮತ್ತೆ ಟ್ರಾಲಿ, ಮತ್ತೆ ಸ್ಟ್ರಿಪ್ಪು.

ತಿಂಗಳಿಗೊಮ್ಮೆ ಪೃಷ್ಠದ ಸ್ನಾಯುವಿಗೆ ಕೊಡುವ ಚುಚ್ಚುಮದ್ದೂ ಇದೆ. ಯಕೃತ್ತಿನ ಮೊದಲ ಸುತ್ತನ್ನು ತಪ್ಪಿಸಿಕೊಳ್ಳುವುದರಿಂದ, ಮಾತ್ರೆಯಾದರೆ 1,500 ಮಿಲಿಗ್ರಾಂ ಬೇಕಾಗುವಲ್ಲಿ ಅದಕ್ಕೆ 380 ಸಾಕು. ಯಾವುದಾದರೂ ಸರಿ, ಶುರುಮಾಡುವ ಮುನ್ನ ಯಕೃತ್ತಿನ ರಕ್ತಪರೀಕ್ಷೆ ಮಾಡಿಸುತ್ತಾರೆ. ಓಪಿಯಾಯ್ಡ್ ಬಿಟ್ಟು ಕನಿಷ್ಠ ಏಳರಿಂದ ಹತ್ತು ದಿನವಾಗಿರಬೇಕು, ಇಲ್ಲದಿದ್ದರೆ ನರಳಾಟ ಒಮ್ಮೆಲೇ ಮೈಮೇಲೆರಗುತ್ತದೆ.

ಮನೆಯವರು ಒಂದು ಮಾತು ನೆನಪಿಡಬೇಕು. ಮಾತ್ರೆ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ತಡೆ ಪೂರ್ತಿ ಹೋಗುತ್ತದೆ, ಆದರೆ ಮೈಗೆ ಹಿಂದಿದ್ದ ಸಹನೆ ಉಳಿದಿರುವುದಿಲ್ಲ. ಹಳೆಯ ಪ್ರಮಾಣದ ಹೆರಾಯಿನ್ ಆಗ ಉಸಿರನ್ನೇ ನಿಲ್ಲಿಸಬಲ್ಲದು. ಮಾತ್ರೆ ತಪ್ಪಿದರೆ ಬೈಯುತ್ತಾ ಕೂರಬೇಡಿ, ಅಂದೇ ವೈದ್ಯರ ಬಳಿ ಕರೆದೊಯ್ಯಿರಿ.