ದಣಿವು 688, ವೃತ್ತ 247

ಅಮೆರಿಕದಲ್ಲಿ ಅಚ್ಚಾದ ಇಂಗ್ಲಿಷ್ ನಿಘಂಟಿನಲ್ಲಿ ‘ಟೈರ್’ ಎಂಬ ಪದಕ್ಕೆ ಹೋದರೆ ಸುಸ್ತಾಗುವುದೂ ಅಲ್ಲೇ ಸಿಗುತ್ತದೆ, ಚಕ್ರಕ್ಕೆ ತೊಡಿಸುವ ಪಟ್ಟಿಯೂ ಅಲ್ಲೇ ಸಿಗುತ್ತದೆ. ಕಾಗುಣಿತ ಒಂದೇ ಎಂಬ ಕಾರಣಕ್ಕೆ ಪರಸ್ಪರ ಪರಿಚಯವೇ ಇಲ್ಲದ ಎರಡು ಅರ್ಥಗಳು ಒಂದೇ ಕಡೆ ಕೂತಿವೆ. ಸುಸ್ತಿನ ನಿಜವಾದ ನೆಂಟ ‘ಫಟೀಗ್’ ಮಾತ್ರ ನೂರಾರು ಪುಟಗಳ ಆಚೆ ಇದೆ. ಓದುವವರಿಗೆ ಇದರಿಂದ ತೊಂದರೆಯೇನಿಲ್ಲ. ಕೈಯಲ್ಲಿ ಪದವಿದೆ, ಅರ್ಥ ಬೇಕು, ಅಷ್ಟೆ. ಬರೆಯುವವರ ಪಾಡು ತಿರುವುಮುರುವು. ಹೇಳಬೇಕಾದದ್ದು ತಲೆಯಲ್ಲಿ ನಿಚ್ಚಳವಾಗಿದೆ, ಪದ ನಾಲಿಗೆಯ ತುದಿಗೆ ಬಂದು ನಿಂತುಬಿಟ್ಟಿದೆ. ಪದವೇ ನೆನಪಿಲ್ಲದಾಗ ಅದರ ಮೊದಲ ಅಕ್ಷರ ಎಲ್ಲಿಂದ ತರುವುದು?

ಈ ತೊಡಕಿಗೆ ಇಂಗ್ಲಿಷಿನಲ್ಲಿ ದಾರಿ ಮಾಡಿದವನು ಭಾಷಾಪಂಡಿತನಲ್ಲ, ವೈದ್ಯ. ಹೆಸರು ಪೀಟರ್ ಮಾರ್ಕ್ ರೋಜೆ. ಹುಟ್ಟಿದ್ದು 1779ರಲ್ಲಿ, ಲಂಡನ್ನಿನಲ್ಲಿ. ತಂದೆ ಜಿನೀವಾದಿಂದ ಬಂದ ಪಾದ್ರಿ. ಮಗನಿಗೆ ನಾಲ್ಕು ವರ್ಷವಾಗಿದ್ದಾಗ ತೀರಿಕೊಂಡ. ಹುಡುಗ ಹದಿನಾಲ್ಕಕ್ಕೆ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿ ಹತ್ತೊಂಬತ್ತಕ್ಕೆ ಡಾಕ್ಟರಾದ. ಅಷ್ಟು ಎಳೆಯ ಡಾಕ್ಟರನ ಬಳಿ ರೋಗಿಗಳು ಬರಬೇಕಲ್ಲ! ಕೆಲವು ವರ್ಷ ಅವನಿಗೆ ನೆಲೆಯೇ ಇರಲಿಲ್ಲ. ಬ್ರಿಸ್ಟಲ್‌ನಲ್ಲಿ ಹಂಫ್ರಿ ಡೇವಿಯ ನಗೆ ಅನಿಲವನ್ನು ಮೂಸಿ ನೋಡಿದ, ಅದು ಹಿಡಿಸಲಿಲ್ಲ. ಲಂಡನ್ನಿನಲ್ಲಿ ಜೆರೆಮಿ ಬೆಂಥಮ್‌ನ ಜೊತೆ ಆಹಾರ ಕೆಡದಂತೆ ತಂಪಾಗಿಡುವ ಕೋಣೆಯೊಂದರ ಯೋಜನೆಯಲ್ಲಿ ತೊಡಗಿದ, ಅದೂ ಕೈಹತ್ತಲಿಲ್ಲ. ಮ್ಯಾಂಚೆಸ್ಟರಿನ ಶ್ರೀಮಂತ ಗಿರಣಿ ಮಾಲೀಕನ ಇಬ್ಬರು ಮಕ್ಕಳನ್ನು ಯುರೋಪ್ ಪ್ರವಾಸಕ್ಕೆ ಕರೆದುಕೊಂಡು ಹೋದರೆ, 1803ರಲ್ಲಿ ನೆಪೋಲಿಯನ್ ತನ್ನ ಆಳ್ವಿಕೆಯ ನೆಲದಲ್ಲಿದ್ದ ಬ್ರಿಟಿಷ್ ಗಂಡಸರನ್ನೆಲ್ಲ ಹಿಡಿದಿಡಲು ಆಜ್ಞೆ ಹೊರಡಿಸಿದ. ಜಿನೀವಾ ಆಗ ಫ್ರಾನ್ಸಿನ ವಶದಲ್ಲಿತ್ತು. ಕಾಣದೇ ಹೋದ ತಂದೆ ಅಲ್ಲಿ ಉಪಯೋಗಕ್ಕೆ ಬಂದ: ಅವನ ಜಿನೀವಾ ಪೌರತ್ವವನ್ನು ರುಜುವಾತು ಮಾಡಿ ರೋಜೆ ಪಾರಾದ.

1804ರಲ್ಲಿ ಮ್ಯಾಂಚೆಸ್ಟರ್ ಇನ್‌ಫರ್ಮರಿಯಲ್ಲಿ ಕೆಲಸ ಸಿಕ್ಕಿತು. ಮರುವರ್ಷ, 1805ರಲ್ಲಿ, ಆಸ್ಪತ್ರೆಯ ಕೆಲಸದ ನಡುವೆ ರೋಜೆ ಪದಗಳ ಚಿಕ್ಕದೊಂದು ಪಟ್ಟಿ ಬರೆದು ಮುಗಿಸಿದ. ಅಕಾರಾದಿಯಾಗಿ ಅಲ್ಲ, ಅರ್ಥ ಹಿಡಿದು. ಅವನ ಮನೆತನದಲ್ಲಿ ಮನೋವ್ಯಾಧಿ ಇತ್ತು, ಆ ದಿಗಿಲಿನಿಂದ ತಪ್ಪಿಸಿಕೊಳ್ಳಲು ಪಟ್ಟಿಗಳ ಮೊರೆಹೋದ ಎಂದು ಈಚಿನ ಜೀವನಚರಿತ್ರೆಯೊಂದು ವಾದಿಸುತ್ತದೆ. ಇದ್ದೀತು. ಮುಂದೆ 1818ರಲ್ಲಿ ಅವನ ಸೋದರಮಾವ, ಹೆಸರಾಂತ ಕಾನೂನು ಸುಧಾರಕ ಸ್ಯಾಮ್ಯುಯೆಲ್ ರೊಮಿಲಿ, ಹೆಂಡತಿ ಸತ್ತ ದುಃಖದಲ್ಲಿ ಕತ್ತು ಕೊಯ್ದುಕೊಂಡಾಗ ಉಳಿಸಲು ಹೆಣಗಿದವನು ಇವನೇ. ಆದರೆ ಪಟ್ಟಿಯ ಬಗ್ಗೆ ರೋಜೆ ತಾನೇ ಕೊಟ್ಟ ಕಾರಣ ತೀರ ಸಾದಾ: ಬರೆಯಲು ಕೂತಾಗ ತನಗೆ ಪದಗಳ ಕೊರತೆ ಕಾಡುತ್ತಿತ್ತು, ಅದನ್ನು ನೀಗಿಕೊಳ್ಳಲು ಬರೆದುಕೊಂಡದ್ದು. ನನಗೆ ಈ ಕಾರಣವೇ ಹೆಚ್ಚು ಒಪ್ಪುತ್ತದೆ.

ಪಟ್ಟಿ ನಲವತ್ತು ವರ್ಷಕ್ಕೂ ಮಿಕ್ಕಿ ಅವನ ಬಳಿಯೇ ಉಳಿಯಿತು. ರೋಜೆ ಸುಮ್ಮನಿರಲಿಲ್ಲ. ಲಂಡನ್ನಿಗೆ ಹೋದ, ಉಪನ್ಯಾಸ ಕೊಟ್ಟ, ಹೊಸ ಬಗೆಯ ಸ್ಲೈಡ್ ರೂಲ್ ಮಾಡಿ 1815ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ. 1824ರ ಡಿಸೆಂಬರಿನಲ್ಲಿ ಅದೇ ಸೊಸೈಟಿಗೆ ಒಪ್ಪಿಸಿದ ಪ್ರಬಂಧವಂತೂ ಸೊಗಸಾಗಿದೆ. ಕಂಬಿಬೇಲಿಯ ಸಂದಿನಿಂದಲೋ ಕಿಟಕಿಯ ಪಟ್ಟಿಪರದೆಯ ಸಂದಿನಿಂದಲೋ ಉರುಳುವ ಗಾಡಿಯ ಚಕ್ರವನ್ನು ನೋಡಿದರೆ ನೆಟ್ಟಗಿರುವ ಅರೆಕಾಲುಗಳು ಬಾಗಿದಂತೆ ಕಾಣುತ್ತವೆ. ಆದರೆ ಆ ಗಳಿಗೆಗೆ ಲಂಬವಾಗಿರುವ ಮೇಲಿನದೂ ಕೆಳಗಿನದೂ ನೇರವಾಗಿಯೇ ಇರುತ್ತವೆ. ಒಂದೊಂದು ಸಂದಿನಲ್ಲಿ ಕಾಣುವ ತುಣುಕಿನ ಅಚ್ಚು ಕಣ್ಣಿನಲ್ಲಿ ಕ್ಷಣಕಾಲ ನಿಂತು, ಆ ತುಣುಕುಗಳು ಕೂಡಿ ಡೊಂಕುಗೆರೆಯಾಗುತ್ತವೆ ಎಂದು ರೋಜೆ ಲೆಕ್ಕ ಹಾಕಿ ತೋರಿಸಿದ. ಸಿನಿಮಾದ ಮೂಲ ಈ ಪ್ರಬಂಧ ಎಂದು ಹೇಳುವವರಿದ್ದಾರೆ. ಅದು ಅತಿಯಾಯಿತು. ಅವನು ವಿವರಿಸಿದ್ದು ಚಲಿಸುವ ವಸ್ತು ಬಾಗಿ ಕಾಣುವುದನ್ನು, ನಿಂತ ಚಿತ್ರಗಳು ಚಲಿಸಿದಂತೆ ಕಾಣುವುದನ್ನಲ್ಲ.

1848ರಲ್ಲಿ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹುದ್ದೆಯಿಂದ ಇಳಿದಾಗ ವಯಸ್ಸು ಎಪ್ಪತ್ತರ ಹತ್ತಿರ. ಬಿಡುವು ಸಿಕ್ಕಿತು, ಹಳೆಯ ಪಟ್ಟಿ ಈಚೆ ಬಂತು. ಮೂರು ನಾಲ್ಕು ವರ್ಷ ಅದರಲ್ಲೇ ಮುಳುಗಿದ. ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ದುಡಿಮೆ ಬೇಡಿತು ಎಂದು ಮುನ್ನುಡಿಯಲ್ಲಿ ತೋಡಿಕೊಂಡಿದ್ದಾನೆ. 1852ರಲ್ಲಿ ಲಾಂಗ್‌ಮನ್ ಸಂಸ್ಥೆ ಪುಸ್ತಕ ಹೊರತಂದಿತು. ಅದೇ ‘ಥಿಸಾರಸ್’.

ಪ್ರಾಣಿ, ಸಸ್ಯಗಳನ್ನು ವರ್ಗ ವರ್ಗವಾಗಿ ವಿಂಗಡಿಸಿದ ಹಾಗೆ ರೋಜೆ ಮನುಷ್ಯನ ಆಲೋಚನೆಗಳನ್ನೇ ಆರು ವರ್ಗ ಮಾಡಿದ: ಅಮೂರ್ತ ಸಂಬಂಧಗಳು, ದೇಶ, ದ್ರವ್ಯ, ಬುದ್ಧಿ, ಇಚ್ಛೆ, ಭಾವ. ಅವುಗಳಡಿಯಲ್ಲಿ ಸಾವಿರ ತಲೆಬರಹ, ಪ್ರತಿಯೊಂದಕ್ಕೂ ಸಂಖ್ಯೆ. ವೃತ್ತದ ಸಂಖ್ಯೆ 247, ಅದು ದೇಶವರ್ಗದ್ದು. ವೀಲ್, ರಿಂಗ್, ಹೂಪ್, ಬ್ರೇಸ್‌ಲೆಟ್, ನೆಕ್ಲೇಸ್, ಹೂಮಾಲೆ, ಕಿರೀಟ ಎಲ್ಲ ಅಲ್ಲಿ ಒಂದೇ ಪಂಕ್ತಿ. ದಣಿವು ಹಾಗಲ್ಲ, ಅದನ್ನು ಅವನು ಎರಡಾಗಿ ಒಡೆದ. ದುಡಿದು ಬರುವ ಆಯಾಸ 688, ಇಚ್ಛಾವರ್ಗದಲ್ಲಿ. ಮನಸ್ಸಿನ ಬೇಸರ 841, ಭಾವವರ್ಗದಲ್ಲಿ. ಮೈ ಸೋಲುವುದು ಬೇರೆ, ಮನಸ್ಸು ರೋಸುವುದು ಬೇರೆ ಎಂಬುದನ್ನು ವ್ಯಾಖ್ಯಾನದ ಒಂದು ಸಾಲೂ ಇಲ್ಲದೆ, ಬರೀ ಜಾಗ ಕೊಡುವುದರಿಂದಲೇ ಹೇಳಿದ್ದಾನೆ. 688ರಲ್ಲಿ ‘ಸಿಂಕೊಪಿ’ಯಂಥ ಮೂರ್ಛೆಯ ಪದಗಳು, ಏದುಸಿರಿನ ಪದಗಳು ಬಂದು ಸೇರಿದ್ದನ್ನು ನೋಡಿದರೆ ಬರೆದವನು ವೈದ್ಯ ಎಂದು ತಿಳಿಯುತ್ತದೆ.

ವಿರುದ್ಧ ಅರ್ಥಗಳನ್ನು ಎದುರುಬದುರು ಕಾಲಮ್ಮಿನಲ್ಲಿ ಇಡುವುದು ಅವನ ಹಟ. ದಣಿವಿನ ಪಕ್ಕ 689ರಲ್ಲಿ ದಣಿವಾರಿಕೆ. ಬಾಗಿನ ಪಕ್ಕ ನೇರ. ಆದರೆ ವೃತ್ತಕ್ಕೆ ವಿರುದ್ಧ ಯಾವುದು? ಅಂಥದೊಂದು ಇಲ್ಲ. ಅದರ ಜೊತೆಗೆ 248ರಲ್ಲಿ ಸುರುಳಿ, ಸಿಂಬಿಯಂಥ ತೊಡಕು ಸುತ್ತುಗಳನ್ನು ಇಟ್ಟು ಸಮಾಧಾನಪಟ್ಟ.

ಅರ್ಥ ಹಿಡಿದು ಪದ ಜೋಡಿಸುವುದು ತನ್ನದೇ ಹೊಸ ಕಾಣ್ಕೆ ಎಂದು ರೋಜೆ ಎಲ್ಲೂ ಹೇಳಿಕೊಳ್ಳಲಿಲ್ಲ. ತನಗಿಂತ ಹಿಂದಿನವರಲ್ಲಿ ಜಾನ್ ವಿಲ್ಕಿನ್ಸ್‌ನ 1668ರ ಗ್ರಂಥವನ್ನು ನೆನೆಯುತ್ತಾನೆ. ಎಲ್ಲಕ್ಕೂ ಮೊದಲಿನದೆಂದು ಹೆಸರಿಸುವುದು ಅಮರಸಿಂಹನ ‘ಅಮರಕೋಶ’ವನ್ನು, 1808ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ಕೋಲ್‌ಬ್ರುಕ್‌ನ ಇಂಗ್ಲಿಷ್ ಆವೃತ್ತಿಯ ಮೂಲಕ. ಹೊಗಳಿಕೆ ಮಾತ್ರ ಅರೆಮನಸ್ಸಿನದು. ಸ್ವರ್ಗ, ದೇವರು, ಬೆಂಕಿ, ವೇಗ ಎಲ್ಲವನ್ನೂ ಒಂದೇ ವರ್ಗಕ್ಕೆ ತುರುಕಿದ್ದಾನೆಂದು ಗೊಣಗುತ್ತಾನೆ. ಕಡಲು, ಊರು, ಗಿಡ, ಪ್ರಾಣಿಗಳ ವಿಂಗಡಣೆ ಆ ಕಾಲಕ್ಕೆ ದೊಡ್ಡದೆಂದು ಒಪ್ಪುತ್ತಾನೆ. ಅಮರಕೋಶ ಬಾಯಿಪಾಠಕ್ಕೆಂದು ಹುಟ್ಟಿದ ಪದ್ಯಗ್ರಂಥ ಎಂಬುದನ್ನು ಅವನು ಗಣನೆಗೆ ತೆಗೆದುಕೊಳ್ಳಲಿಲ್ಲ. ಶ್ಲೋಕ ಕಂಠಸ್ಥವಾಗಿದ್ದವನಿಗೆ ಸಂಖ್ಯೆಯೂ ಬೇಡ, ಸೂಚಿಯೂ ಬೇಡ. ಕನ್ನಡದಲ್ಲೂ ನಾಗವರ್ಮನ ‘ಅಭಿಧಾನ ವಸ್ತುಕೋಶ’ ನಡೆದದ್ದು ಪದ್ಯದ ದಾರಿಯಲ್ಲೇ. ಕಿಟೆಲ್ಲರ ಅಕಾರಾದಿ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅರ್ಥದಿಂದ ಅಕ್ಷರದ ಕಡೆಗೆ ನಾವು ಬಂದೆವು, ರೋಜೆ ಅಕ್ಷರದಿಂದ ಅರ್ಥದ ಕಡೆಗೆ ಹೋದ.

ಇಂಥ ವಿಂಗಡಣೆಯಿಂದ ಮುಂದೆ ಜಗತ್ತಿಗೆಲ್ಲ ಒಂದೇ ಭಾಷೆ ರೂಪುಗೊಂಡು ದೇಶಗಳು ಸಾಮರಸ್ಯದಿಂದ ಬಾಳಿಯಾವು ಎಂಬ ಆಸೆಯೂ ಅವನಿಗಿತ್ತು. ಆದದ್ದು ಬೇರೆ. ಅವನು ಬದುಕಿದ್ದಾಗಲೇ ಪುಸ್ತಕ ಇಪ್ಪತ್ತಕ್ಕೂ ಹೆಚ್ಚು ಬಾರಿ ಮುದ್ರಣವಾಯಿತು, 1920ರ ದಶಕದಲ್ಲಿ ಪದಬಂಧದ ಹುಚ್ಚು ಹಬ್ಬಿದಾಗ ಇನ್ನೂ ಬಿಕರಿಯಾಯಿತು. ಬಳಸುವವರಲ್ಲಿ ಹೆಚ್ಚಿನವರು ಆರು ವರ್ಗಗಳ ಗೊಡವೆಗೆ ಹೋಗುವುದಿಲ್ಲ. ಹಿಂಬದಿಯ ಅಕಾರಾದಿ ಸೂಚಿಯಿಂದ ನೇರ ಸಂಖ್ಯೆಗೆ ಜಿಗಿಯುತ್ತಾರೆ. ಮುಂಬಾಗಿಲಲ್ಲಿ ತಡೆದ ಅಕ್ಷರಮಾಲೆಯನ್ನು ರೋಜೆಯೇ ಹಿತ್ತಿಲಿಂದ ಒಳಗೆ ಬಿಟ್ಟುಕೊಂಡಿದ್ದ. ಪುಸ್ತಕ ಬಾಳಿದ್ದು ಅದರಿಂದಲೇ ಎಂದು ನನ್ನ ಎಣಿಕೆ.

ರೋಜೆ 1869ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಪುಸ್ತಕವನ್ನು ಮಗ ಜಾನ್, ಆಮೇಲೆ ಮೊಮ್ಮಗ ಮುಂದುವರಿಸಿದರು. ಇಂದು ಅನೇಕ ಥಿಸಾರಸ್‌ಗಳು ಅಕಾರಾದಿಯಾಗಿಯೇ ಬರುತ್ತವೆ. ಕೊಳ್ಳುವುದಿದ್ದರೆ ಸಂಖ್ಯೆಯ ಕ್ರಮ ಉಳಿಸಿಕೊಂಡ ಆವೃತ್ತಿಯನ್ನೇ ಕೊಳ್ಳಿ, ಪದ ಸಿಕ್ಕ ಮೇಲೆ ಅದರ ಹಿಂದಿನ ಮುಂದಿನ ಸಂಖ್ಯೆಗಳನ್ನೂ ಓದಿ. ಬಳಸುವ ಮೊದಲು ಸಾಮಾನ್ಯ ನಿಘಂಟನ್ನೂ ಒಮ್ಮೆ ನೋಡಿ. ಒಂದು ಪದಕ್ಕೂ ಅದರ ಪಕ್ಕದ ಪದಕ್ಕೂ ಇರುವ ವ್ಯತ್ಯಾಸವನ್ನು ರೋಜೆ ಹೇಳುವುದಿಲ್ಲ.